ಬೆರೆತ ಕಸದಿಂದ ಮರಳಿ ಸಿಗುವುದೆಷ್ಟು? ಒಂದು ವಿಂಗಡಣಾ ಕೇಂದ್ರದೊಂದಿಗೆ ನಮ್ಮ ಒಂದು ವರ್ಷ

ಮೈಸೂರಿನಲ್ಲಿ ನಾವಿರುವ ವಸತಿ ಸಮುಚ್ಚಯದಲ್ಲಿ 36 ಮನೆಗಳಿವೆ. ಒಂದು ವರ್ಷದಿಂದ ಇಷ್ಟೂ ಮನೆಗಳ ಕಸವನ್ನು ಪಕ್ಕದ ಬಡಾವಣೆಯ ಒಂದು ಸಣ್ಣ ಖಾಸಗಿ ವಿಂಗಡಣಾ ಕೇಂದ್ರದವರು ಒಯ್ಯುತ್ತಿದ್ದಾರೆ. ಮನೆಯೊಂದಕ್ಕೆ ತಿಂಗಳಿಗೆ 120 ರೂಪಾಯಿ ಕೊಡುತ್ತಿದ್ದೇವೆ. ನಿವಾಸಿಗಳ ಸಂಘದ ಪರವಾಗಿ ಕರಾರಿಗೆ ಸಹಿ ಹಾಕಿದವಳು ನಾನು. ಅದನ್ನು ಮುಂದುವರಿಸಬೇಕೇ ಬೇಡವೇ ಎಂಬ ಪ್ರಶ್ನೆ ಕಳೆದ ಸಭೆಯಲ್ಲಿ ಬಂದಿತು, ಅಕ್ಕಪಕ್ಕದ ಎರಡು ಸಮುಚ್ಚಯದವರೂ ಈ ಸೇವೆಯ ಬಗ್ಗೆ ವಿಚಾರಿಸುತ್ತಿದ್ದಾರೆ. ಎಲ್ಲರಿಗೂ ಒಂದೇ ಸಲ ಉತ್ತರವಾಗಲಿ ಎಂದು ಕಂಡದ್ದನ್ನು ಕಂಡಂತೆ ಇಲ್ಲಿ ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ಒಬ್ಬ ಗುತ್ತಿಗೆದಾರರು ನಮ್ಮ ಕಸ ಒಯ್ಯುತ್ತಿದ್ದರು. ಹಸಿರು ಬಕೆಟ್ಟಿನಲ್ಲಿ ಹಸಿ ಕಸ, ನೀಲಿ ಬಕೆಟ್ಟಿನಲ್ಲಿ ಒಣ ಕಸ ಎಂದು ಹೆಚ್ಚಿನ ಮನೆಯವರು ಬೇರೆ ಮಾಡಿಯೇ ಕೆಳಗಿಡುತ್ತಿದ್ದರೂ, ಅವರ ಗಾಡಿಯಲ್ಲಿ ಇದ್ದದ್ದು ಒಂದೇ ಅಂಕಣ. ಎರಡೂ ಬಕೆಟ್ಟುಗಳು ನಮ್ಮ ಕಣ್ಣೆದುರೇ ಅದರೊಳಗೆ ಒಂದಾಗುತ್ತಿದ್ದವು. ಇದೇನೆಂದು ಕೇಳಿದಾಗ ಗಾಡಿಯ ಹುಡುಗ, "ಅಲ್ಲಿಗೆ ಹೋದ್ಮೇಲೆ ಮೆಷಿನ್ನೇ ಬೇರೆ ಮಾಡುತ್ತೆ ಮೇಡಂ" ಎಂದ. ಆ ಮಾತನ್ನು ನಾನು ಎಂಟು ತಿಂಗಳು ನಂಬಿದೆ. ಯಂತ್ರವಿರುವುದು ನಿಜ, ಅದು ಬೇರೆ ಮಾಡುವುದೂ ನಿಜ. ಆದರೆ ಬೆರೆತ ಕಸದಿಂದ ಬೇರೆಯಾದದ್ದು ಯಾವ ಸ್ಥಿತಿಯಲ್ಲಿ ಹೊರಬರುತ್ತದೆ ಎಂಬುದನ್ನು ಆ ಮಾತು ಹೇಳುವುದಿಲ್ಲ. ಅದು ನನಗೆ ತಿಳಿದದ್ದು ಈಗಿನ ಕೇಂದ್ರದ ಮೇಜಿನ ಮುಂದೆ ನಿಂತಾಗ.

ಕೇಂದ್ರವೆಂದರೆ ತಗಡಿನ ಚಾವಣಿಯ ಒಂದು ಉದ್ದನೆಯ ಶೆಡ್ಡು. ನಡುವೆ ಜಿಂಕ್ ಶೀಟು ಹೊದಿಸಿದ ಎರಡು ಮೇಜುಗಳಿವೆ. ಸುತ್ತಲೂ ಕಬ್ಬಿಣದ ಚೌಕಟ್ಟುಗಳಿಗೆ ಬಾಯಿ ತೆರೆದು ಸಿಕ್ಕಿಸಿದ ಗೋಣಿಚೀಲಗಳು. ಮೂಲೆಯಲ್ಲಿ ರಟ್ಟನ್ನೂ ಬಾಟಲಿಗಳನ್ನೂ ಒತ್ತಿ ಮೂಟೆ ಮಾಡುವ ಒಂದು ಯಂತ್ರ, ಬಾಗಿಲ ಬಳಿ ತಕ್ಕಡಿ. ಆರು ಜನ ಕೆಲಸ ಮಾಡುತ್ತಾರೆ, ಅವರಲ್ಲಿ ನಾಲ್ವರು ಹೆಂಗಸರು. ಕರಾರಿಗೆ ಮೊದಲು ಒಂದು ದಿನ ನಮ್ಮ ಕಸವನ್ನೇ ವಿಂಗಡಿಸಿ ತೋರಿಸುವಂತೆ ನಾನು ಕೇಳಿಕೊಂಡೆ. ಮೇಲ್ವಿಚಾರಕರು ಒಪ್ಪಿದರು, ಅಷ್ಟೇ ಅಲ್ಲ, ನಾನೂ ಕೈಗವಸು ಹಾಕಿಕೊಂಡು ಜೊತೆಗೆ ನಿಲ್ಲಬೇಕೆಂದರು. ಯಾವುದೇ ಸೇವೆಯನ್ನು ಒಪ್ಪಿಕೊಳ್ಳುವ ಮುನ್ನ ಈ ಒಂದು ಗಂಟೆಯನ್ನು ಕೊಟ್ಟು ನೋಡಿ ಎಂದು ಎಲ್ಲ ಸಂಘಗಳಿಗೂ ಹೇಳುತ್ತೇನೆ.

ಅಂದು ಮೇಜಿನ ಮೇಲೆ ಸುರಿದದ್ದು ನಮ್ಮ ಎರಡನೆಯ ಮಹಡಿಯ ನಾಲ್ಕು ಮನೆಗಳ ಒಂದು ದಿನದ ಬೆರೆತ ಕಸ, ತೂಕ 11 ಕಿಲೋ. ಎಲ್ಲದರ ಮೇಲೂ ಕಾಫಿ ಚರಟ ಮೆತ್ತಿಕೊಂಡಿತ್ತು. ಮೈಸೂರಿನ ಮನೆಗಳ ಕಸದಲ್ಲಿ ಇದು ತಪ್ಪಿದ್ದಲ್ಲ, ಮತ್ತು ಕಾಗದದ ಪಾಲಿಗೆ ಇದರಷ್ಟು ಕೆಟ್ಟದ್ದು ಬೇರೆ ಇಲ್ಲ ಎಂದು ಅಲ್ಲಿನ ಹಿರಿಯ ಕೆಲಸಗಾರ್ತಿಯೊಬ್ಬರು ಹೇಳಿದರು. ಅವರು ಮೊದಲು ಎತ್ತಿಕೊಂಡದ್ದು ಮೈಸೂರು ಪಾಕಿನ ಒಂದು ಡಬ್ಬ. ಸಿಹಿತಿಂಡಿಯ ಡಬ್ಬ, ಔಷಧಿಯ ಡಬ್ಬ, ಪೇಸ್ಟಿನ ಡಬ್ಬಗಳ ತೆಳು ರಟ್ಟಿಗೆ ಗುಜರಿಯವರು ಡ್ಯೂಪ್ಲೆಕ್ಸ್ ಎನ್ನುತ್ತಾರೆ. ಒಣಗಿದ್ದರೆ ಅದಕ್ಕೊಂದು ದರವಿದೆ. ಈ ಡಬ್ಬದ ತಳವೆಲ್ಲ ತುಪ್ಪ ಹೀರಿ ಪಾರದರ್ಶಕವಾಗಿತ್ತು, ಮೇಲುಮುಚ್ಚಳಕ್ಕೆ ಸಾಂಬಾರು ತಗುಲಿತ್ತು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದಕ್ಕೆ ರೇಟಿಲ್ಲ ಕಣಮ್ಮ" ಎಂದು ಪಕ್ಕಕ್ಕಿಟ್ಟರು. ಮುಚ್ಚಳವನ್ನು ಹರಿದು ಬೇರೆ ಇಟ್ಟಿದ್ದರೆ ಅರ್ಧ ಡಬ್ಬವಾದರೂ ಉಳಿಯುತ್ತಿತ್ತಂತೆ.

ಕಾಗದವನ್ನು ಮತ್ತೆ ಕಾಗದ ಮಾಡುವಾಗ ನೀರಿನಲ್ಲಿ ಕಲಸಿ ನಾರುಗಳನ್ನು ಬಿಡಿಸುತ್ತಾರೆ. ನೀರಿನಲ್ಲಿ ಎಣ್ಣೆ, ತುಪ್ಪ ನಾರನ್ನು ಬಿಟ್ಟುಹೋಗುವುದಿಲ್ಲ. ಹೊಸ ಹಾಳೆಯಲ್ಲಿ ಅದು ಕಲೆಯಾಗಿಯೂ ತೂತಾಗಿಯೂ ಉಳಿಯುತ್ತದೆ. ನೀರಿಗಷ್ಟೇ ನೆನೆದ ಕಾಗದವನ್ನು ಒಣಗಿಸಬಹುದಾದರೂ, ಅನ್ನ, ಸಿಪ್ಪೆಗಳ ಜೊತೆ ಒಂದು ರಾತ್ರಿ ಇದ್ದ ಕಾಗದಕ್ಕೆ ಬೂಷ್ಟು ಹಿಡಿದು ನಾರೇ ಬಲಗೆಡುತ್ತದೆ. ಕಾಗದದ ನಾರು ಹೇಗೂ ಪ್ರತಿ ಸುತ್ತಿನಲ್ಲಿ ಚಿಕ್ಕದಾಗುತ್ತ ಹೋಗುವಂಥದ್ದು, ಐದಾರು ಸಲಕ್ಕಿಂತ ಹೆಚ್ಚು ಬಳಕೆಗೆ ಬರುವುದು ಕಷ್ಟ. ಒಂದು ಸುತ್ತು ಮಾತ್ರ ಕಂಡ ಬಿಳಿಯ ಹಾಳೆಯನ್ನು ಸಾಂಬಾರಿನಲ್ಲಿ ಅದ್ದಿದರೆ ಮಿಕ್ಕ ಸುತ್ತುಗಳೆಲ್ಲ ಅಲ್ಲಿಗೇ ಮುಗಿದವು.

ಒಂದು ಗಂಟೆಯ ಕೊನೆಗೆ ತೂಗಿದಾಗ ಆರೂವರೆ ಕಿಲೋ ಹಸಿ ಕಸ ಗೊಬ್ಬರದ ತೊಟ್ಟಿಗೆ ಹೋಯಿತು, ಒಂದೂವರೆ ಕಿಲೋ ಮಾರಬಹುದಾದ ವಸ್ತು ಸಿಕ್ಕಿತು, ಮೂರು ಕಿಲೋ ಯಾವುದಕ್ಕೂ ಬಾರದೆ ಉಳಿಯಿತು. ತಿಂಗಳ ಬಳಿಕ ಅದೇ ನಾಲ್ಕು ಮನೆಗಳು ಬೇರೆ ಮಾಡಿ ಕೊಟ್ಟ ಒಣ ಕಸದ ಚೀಲವನ್ನು ನಾನೇ ಒಯ್ದು ತೂಗಿಸಿದೆ: ಮೂರೂವರೆ ಕಿಲೋದಲ್ಲಿ ಎರಡೂಮುಕ್ಕಾಲು ಕಿಲೋ ಮಾರಾಟಕ್ಕೆ ಬಂತು. ವಿಂಗಡಿಸಲು ಹಿಡಿದದ್ದು ಹನ್ನೆರಡು ನಿಮಿಷ. ಒಂದೇ ಮಹಡಿಯ ಎರಡು ದಿನಗಳ ಲೆಕ್ಕವಿದು, ಊರಿಗೆಲ್ಲ ಅನ್ವಯಿಸಲಾಗದು. ನಮ್ಮ ಸಮುಚ್ಚಯದಲ್ಲಿ ಮಾತ್ರ ಯಾವ ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಲಿಫ್ಟಿನ ಪಕ್ಕ ಅಂಟಿಸಿದ ಈ ಎರಡು ಸಾಲಿನ ಚೀಟಿ.

ಪ್ಲಾಸ್ಟಿಕ್ಕಿನ ವಿಷಯದಲ್ಲಿ ಈ ಕೇಂದ್ರದವರ ಕೈಚಳಕ ನಿಜವಾಗಿ ಮೆಚ್ಚಬೇಕಾದದ್ದು. ಕವರನ್ನು ಕಿವಿಯ ಬಳಿ ಹಿಸುಕಿ ನೋಡುತ್ತಾರೆ. ಗರಗರ ಸದ್ದು ಮಾಡಿದರೆ ಒಂದು ಜಾತಿ, ಮೆತ್ತಗೆ ಎಳೆದಷ್ಟೂ ಹಿಗ್ಗಿದರೆ ಇನ್ನೊಂದು. ಹಿಗ್ಗುವುದು ಎಲ್‌ಡಿ, ಸದ್ದು ಮಾಡುವ ತೆಳು ಕೈಚೀಲ ಎಚ್‌ಎಂ, ಬಿಸ್ಕತ್ತಿನ ಹೊಳೆಯುವ ಹೊದಿಕೆ ಎರಡಕ್ಕೂ ಸೇರದ್ದು. ಬಾಟಲಿಯ ತಳವನ್ನು ಹೆಬ್ಬೆರಳಿನಿಂದ ಸವರುತ್ತಾರೆ: ನಡುವೆ ಸಣ್ಣ ಮೊಟಕು ಚುಕ್ಕೆಯಿದ್ದರೆ ನೀರಿನ ಬಾಟಲಿಯ ಪೆಟ್, ಅಡ್ಡ ಗೆರೆಯಿದ್ದರೆ ಶಾಂಪೂ, ಫಿನಾಯಿಲ್ ಬಾಟಲಿಗಳ ಗಟ್ಟಿ ಪ್ಲಾಸ್ಟಿಕ್ ಆಗಿರುವ ಸಂಭವ ಹೆಚ್ಚು. ತಳದ ತ್ರಿಕೋನದಲ್ಲಿ ಅಚ್ಚಾದ 1ರಿಂದ 7ರವರೆಗಿನ ಅಂಕಿಯನ್ನು ಓದುವುದಕ್ಕೆ ಮೊದಲೇ ಅವರ ಕೈ ನಿರ್ಧರಿಸಿರುತ್ತದೆ.

ಮೇಲ್ವಿಚಾರಕರು ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮಿನಲ್ಲಿ ನೀರು ತುಂಬಿ ಒಂದು ಪರೀಕ್ಷೆ ತೋರಿಸಿದರು. ಒಂದೇ ನೀರಿನ ಬಾಟಲಿಯ ಮುಚ್ಚಳವನ್ನೂ ದೇಹವನ್ನೂ ಕತ್ತರಿಸಿ ಹಾಕಿದರೆ ಮುಚ್ಚಳದ ಚೂರು ತೇಲಿತು, ಬಾಟಲಿಯ ಚೂರು ಮುಳುಗಿತು. ಪೆಟ್‌ನ ಸಾಂದ್ರತೆ ನೀರಿನ ಸುಮಾರು 1.38ರಷ್ಟು, ಮುಚ್ಚಳದ ಪ್ಲಾಸ್ಟಿಕ್ ನೀರಿಗಿಂತ ಹಗುರ. ದೊಡ್ಡ ಕಾರ್ಖಾನೆಗಳಲ್ಲಿ ಚೂರುಗಳನ್ನು ಬೇರ್ಪಡಿಸುವುದೂ ಇದೇ ಉಪಾಯದಿಂದ. ಆದರೆ ಪಿವಿಸಿ ಎಂಬ ಇನ್ನೊಂದು ಪ್ಲಾಸ್ಟಿಕ್ ಪೆಟ್‌ನಷ್ಟೇ ಭಾರ. ಎರಡೂ ಒಟ್ಟಿಗೆ ಮುಳುಗುವುದರಿಂದ ನೀರು ಅವನ್ನು ಬೇರೆ ಮಾಡಲಾರದು. ಪೆಟ್ ಕರಗುವುದಕ್ಕೆ 250 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಬಿಸಿ ಬೇಕು, ಆ ಬಿಸಿಗೆ ಎಷ್ಟೋ ಮೊದಲೇ ಪಿವಿಸಿ ಒಡೆದು ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಡುತ್ತದೆ. ತೀರ ಸ್ವಲ್ಪ ಪಿವಿಸಿ ಬೆರೆತಿದ್ದರೂ ಇಡೀ ರಾಶಿಯ ಬಣ್ಣ ಕೆಟ್ಟು, ಕರಗಿಸಿದ ಪೆಟ್‌ನಿಂದ ಬಟ್ಟೆಯ ನೂಲು ತೆಗೆಯಲು ಬಾರದಾಗುತ್ತದೆ. ಇದನ್ನು ತಡೆಯುವ ಜಾಗ ಈ ಜಿಂಕ್ ಶೀಟಿನ ಮೇಜು, ಹೆಬ್ಬೆರಳಿನ ಆ ಒಂದು ಸವರುವಿಕೆ.

ಹಾಲಿನ ಕವರಿನ ಬಗ್ಗೆ ಒಂದು ಮಾತು. ನಂದಿನಿಯ ಖಾಲಿ ಕವರನ್ನು ತೊಳೆದು ಒಣಗಿಸಿ ಕೊಟ್ಟರೆ ಅದು ಈ ಕೇಂದ್ರಕ್ಕೆ ಒಳ್ಳೆಯ ಸರಕು, ಇಡೀ ಕವರು ಒಂದೇ ಜಾತಿಯ ಪ್ಲಾಸ್ಟಿಕ್ ಆದ್ದರಿಂದ. ನಾವು ತೊಳೆಯದೆ ಮುದುರಿ ಎಸೆಯುವ ಕವರಿನೊಳಗೆ ಉಳಿದ ಎರಡು ಹನಿ ಹಾಲು ಹುಳಿತು ನೊಣ ಕರೆಯುತ್ತದೆ, ಅಕ್ಕಪಕ್ಕದ ಕಾಗದವನ್ನೂ ಕೆಡಿಸುತ್ತದೆ. ಇನ್ನೊಂದು, ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯಬೇಡಿ ಎಂದು ಅವರು ಬೇಡಿಕೊಳ್ಳುತ್ತಾರೆ. ಉಗುರಿನಷ್ಟು ಗಾತ್ರದ ಆ ಚೂರನ್ನು ಯಾವ ಕೈಯೂ ಆರಿಸಲಾರದು, ಅದು ಸೀದಾ ಗೊಬ್ಬರದೊಳಗೆ ಸೇರುತ್ತದೆ. ಕತ್ತರಿಸಿದ ತುಂಡು ಕವರಿಗೇ ಅಂಟಿಕೊಂಡಿರುವಂತೆ ಕತ್ತರಿಸಲು ಒಂದು ವಾರದಲ್ಲಿ ಕೈ ಪಳಗುತ್ತದೆ.

ಇನ್ನು ಆ ಯಂತ್ರದ ಮಾತು. ಬೆರೆತ ಕಸವನ್ನು ವಿಂಗಡಿಸುವ ದೊಡ್ಡ ಘಟಕಗಳಲ್ಲಿ ಮೊದಲು ಚೀಲ ಹರಿಯುವ ಯಂತ್ರ, ಆಮೇಲೆ ಟ್ರಾಮೆಲ್ ಎಂಬ ತಿರುಗುವ ಉರುಳೆ ಜರಡಿ ಇರುತ್ತದೆ. ಸಣ್ಣದು ತೂತುಗಳಿಂದ ಕೆಳಗೆ ಬೀಳುತ್ತದೆ, ಹಗುರವಾದ ಕವರು, ಕಾಗದಗಳನ್ನು ಗಾಳಿ ಬೀಸಿ ಹಾರಿಸುತ್ತಾರೆ, ಕಬ್ಬಿಣವನ್ನು ಅಯಸ್ಕಾಂತ ಎತ್ತುತ್ತದೆ. ಹೆಚ್ಚು ಹಣ ಹಾಕಿದ ಕಡೆ ಅವಕೆಂಪು ಬೆಳಕಿನಿಂದ ಪ್ಲಾಸ್ಟಿಕ್ಕಿನ ಜಾತಿ ಗುರುತಿಸುವ ಯಂತ್ರವೂ ಉಂಟು, ಅದಕ್ಕೂ ಹೋಟೆಲ್ ಪಾರ್ಸೆಲ್ಲಿನ ಕಪ್ಪು ಡಬ್ಬ ಕಾಣಿಸದು, ಕಪ್ಪು ಬಣ್ಣ ಕೊಡುವ ಇಂಗಾಲದ ಪುಡಿ ಆ ಬೆಳಕನ್ನೆಲ್ಲ ನುಂಗಿಬಿಡುತ್ತದೆ. ಇವೆಲ್ಲ ಉಪಯುಕ್ತ ಯಂತ್ರಗಳೇ. ಆದರೆ ಗಾತ್ರ, ತೂಕ, ಬಣ್ಣ ನೋಡಿ ಬೇರೆ ಮಾಡುವ ಯಾವ ಯಂತ್ರವೂ ರಟ್ಟಿನೊಳಗೆ ಇಳಿದ ತುಪ್ಪವನ್ನು ಹೊರತೆಗೆಯುವುದಿಲ್ಲ. ನಮ್ಮ ಹಳೆಯ ಗುತ್ತಿಗೆದಾರರ ಗಾಡಿಯ ಹುಡುಗನಿಗೆ ಅಂದು ನಾನು ಹೇಳಬೇಕಾಗಿದ್ದುದು ಇದು.

ಬೆರೆತು ಹೋದದ್ದನ್ನು ಆಮೇಲೆ ಬಿಡಿಸುವುದು ಎಷ್ಟು ಕಷ್ಟವೆಂದು ಮೈಸೂರಿನವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ವಿದ್ಯಾರಣ್ಯಪುರದ ಸೂಯೇಜ್ ಫಾರಂನಲ್ಲಿ ವರ್ಷಾನುಗಟ್ಟಲೆ ಬಿದ್ದ ಹಳೆಯ ಕಸದ ಗುಡ್ಡವನ್ನು ಅಗೆದು, ಜರಡಿ ಹಿಡಿದು, ಮಣ್ಣು ಬೇರೆ ಪ್ಲಾಸ್ಟಿಕ್ ಬೇರೆ ಮಾಡಬೇಕಾಗಿ ಬಂತು; ಆ ವಾಸನೆಯಲ್ಲಿ ಬದುಕಿದ ಸುತ್ತಲಿನ ಬಡಾವಣೆಯವರ ಅಳಲು ದಿನಪತ್ರಿಕೆ ಓದುವ ಎಲ್ಲರಿಗೂ ಗೊತ್ತು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ನಡುವೆ ಮೊದಲ ಸ್ಥಾನ ಪಡೆದದ್ದೂ ಇದೇ ಊರು. ಕುಂಬಾರಕೊಪ್ಪಲಿನಂಥ ಕಡೆ ಬಡಾವಣೆಯ ಮಟ್ಟದಲ್ಲೇ ಕಸ ವಿಂಗಡಿಸಿ, ಗೊಬ್ಬರ ಮಾಡಿ, ಒಣ ಕಸ ಮಾರುವ ಶೂನ್ಯ ತ್ಯಾಜ್ಯ ಘಟಕಗಳನ್ನು ಊರು ಬಹಳ ಮೊದಲೇ ಕಟ್ಟಿಕೊಂಡಿತ್ತು. ನಾನು ಬೆಳೆದ ಲಕ್ಷ್ಮೀಪುರದ ಹಳೆಯ ಮನೆಯ ಹಿಂದೆ ಕನ್ಸರ್ವೆನ್ಸಿ ಗಲ್ಲಿಯಿತ್ತು; ಮನೆಯ ಹೊಲಸು ಮುಂಬಾಗಿಲಿಗೆ ಬಾರದಂತೆ ಹಿಂದಿನಿಂದಲೇ ಹೋಗಲೆಂದು ಊರನ್ನು ಯೋಜಿಸಿದವರು ಬಿಟ್ಟ ದಾರಿಯದು. ಪ್ಲೇಗಿನ ಪೆಟ್ಟು ತಿಂದು 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಮಾಡಿಕೊಂಡ ಊರಿಗೆ ಕಸದ ದಾರಿಯ ಬಗ್ಗೆ ಯೋಚಿಸುವುದು ಹೊಸದಲ್ಲ.

ಮಾರಾಟವಾಗದೆ ಉಳಿಯುವ ರಾಶಿಯ ಬಗ್ಗೆ ಈ ಕೇಂದ್ರ ಸಾಕಷ್ಟು ಪ್ರಾಮಾಣಿಕವಾಗಿದೆ. ಶಾಂಪೂ, ಗುಟ್ಕಾ ಸ್ಯಾಷೆ, ಚಿಪ್ಸ್ ಪೊಟ್ಟಣಗಳಲ್ಲಿ ಪ್ಲಾಸ್ಟಿಕ್ ಮತ್ತು ಲೋಹದ ಪದರಗಳು ಒಂದಕ್ಕೊಂದು ಬೆಸೆದಿರುವುದರಿಂದ ಅವನ್ನು ಬಿಡಿಸಿ ಮರುಬಳಸುವ ದಾರಿ ಇಲ್ಲಿಲ್ಲ. ಇಂಥವನ್ನು ಒತ್ತಿ ಮೂಟೆ ಕಟ್ಟಿ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಇಂಧನವಾಗಿ ಕಳಿಸುವವರಿಗೆ ಕೊಡುತ್ತಾರೆ. ಕಿಲೋಗೆ 1500 ಕಿಲೋಕ್ಯಾಲರಿ ಅಥವಾ ಅದಕ್ಕೂ ಹೆಚ್ಚು ಶಾಖ ಕೊಡುವ, ಮರುಬಳಕೆಗೆ ಬಾರದ ಕಸವನ್ನು ನೆಲಭರ್ತಿಗೆ ಹಾಕಬಾರದೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಇಲ್ಲಿಯೂ ತೇವದ ಪ್ರಶ್ನೆ ಬಿಡುವುದಿಲ್ಲ: ಒದ್ದೆ ಮೂಟೆಯ ಶಾಖದಲ್ಲಿ ಒಂದು ಪಾಲು ಅದರ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಸುಡಲೆಂದು ಕಳಿಸುವ ಕಸವನ್ನೂ ಒಣಗಿಸಿಯೇ ಕಳಿಸಬೇಕು.

ಜೂಸಿನ ಟೆಟ್ರಾಪ್ಯಾಕ್‌ಗಳನ್ನು ಚಪ್ಪಟೆ ಮಾಡಿ ಕೊಟ್ಟರೆ ತೆಗೆದುಕೊಳ್ಳುತ್ತಾರೆ. ಅದರ ಮುಕ್ಕಾಲು ಪಾಲು ಕಾಗದವೇ. ಅಲ್ಯೂಮಿನಿಯಂ ಡಬ್ಬಿಗಳಿಗೆ ಎಲ್ಲಕ್ಕಿಂತ ಒಳ್ಳೆಯ ಬೆಲೆಯಿದೆ, ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕೆ ಹೋಲಿಸಿದರೆ ಕರಗಿಸಿ ಬಳಸುವಾಗ ಸುಮಾರು ಪ್ರತಿಶತ 95ರಷ್ಟು ಶಕ್ತಿ ಉಳಿತಾಯವಾಗುತ್ತದೆ. ಗಾಜನ್ನು ಬೆಲೆ ಸಿಗದಿದ್ದರೂ ಬೇಡವೆನ್ನುವುದಿಲ್ಲ. ಥರ್ಮಾಕೋಲನ್ನು ಮಾತ್ರ ಮುಟ್ಟುವುದಿಲ್ಲ, ಹೊಸ ಟಿವಿ, ಫ್ರಿಜ್ಜು ಕೊಂಡವರಿಗೆ ಇದು ತೊಂದರೆಯಾಗಿದೆ.

ಈಗ ದೂರುಗಳು. ಮೊದಲ ಮೂರು ತಿಂಗಳು ಕೆಲಸಗಾರರಿಗೆ ಕೊಟ್ಟಿದ್ದ ಕೈಗವಸು ತೀರ ದಪ್ಪವಾಗಿತ್ತು. ಅದನ್ನು ಹಾಕಿಕೊಂಡರೆ ತೆಳು ಕವರಿನ ಜಾತಿ ತಿಳಿಯದೆಂದು ಅವರು ಬರಿಗೈಯಲ್ಲೇ ಕೆಲಸ ಮಾಡುತ್ತಿದ್ದರು. ಒಂದು ದಿನ ನಮ್ಮದೇ ಕಟ್ಟಡದ ಕಸದಲ್ಲಿದ್ದ ಇನ್ಸುಲಿನ್ ಸೂಜಿ ಆ ಹಿರಿಯ ಕೆಲಸಗಾರ್ತಿಯ ಬೆರಳಿಗೆ ಚುಚ್ಚಿತು. ಅವರನ್ನು ಆಸ್ಪತ್ರೆಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಿ, ಚುಚ್ಚುಮದ್ದು ಹಾಕಿಸಿದ ವೆಚ್ಚವನ್ನು ಸಂಘ ಕೊಟ್ಟಿತು. ಪರೀಕ್ಷೆಯ ಉತ್ತರಕ್ಕಾಗಿ ಕಾದ ದಿನಗಳಲ್ಲಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅವರು ಚೆನ್ನಾಗಿದ್ದಾರೆ. ಆಮೇಲೆ ನಾವು ಸೂಜಿಗಳನ್ನು ದಪ್ಪನೆಯ ಫಿನಾಯಿಲ್ ಬಾಟಲಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಸ್ಯಾನಿಟರಿ ಪ್ಯಾಡು, ಡೈಪರುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಮೂರನೆಯ ಬಕೆಟ್ಟಿನಲ್ಲಿ ಕೊಡುವ ಪದ್ಧತಿ ಮಾಡಿದೆವು. ಕೇಂದ್ರದವರು ಅಂಗೈಗೆ ಮಾತ್ರ ರಬ್ಬರು ಲೇಪಿಸಿದ ತೆಳು ಕೈಗವಸು ತಂದುಕೊಟ್ಟರು. ಇದನ್ನು ಮೊದಲ ದಿನವೇ ಮಾಡಬೇಕಾಗಿತ್ತು, ಅವರೂ, ನಾವೂ.

ಎರಡನೆಯ ದೂರು ಲೆಕ್ಕದ್ದು. ತಿಂಗಳ ವರದಿಯಲ್ಲಿ ಎಷ್ಟು ರಟ್ಟು, ಎಷ್ಟು ಪೆಟ್, ಎಷ್ಟು ಗಾಜು ಎಂದು ಚೆನ್ನಾಗಿ ಬರೆಯುತ್ತಾರೆ. ಏನೂ ಸಿಗದೆ ಹೊರಗೆ ಹೋದ ತೂಕವನ್ನು ಮಾತ್ರ ಕೇಳಿದರೆ ಹೇಳುತ್ತಾರೆ, ಬರೆದು ಕೊಡುವುದಿಲ್ಲ. ಒಂದು ವಿಂಗಡಣಾ ಕೇಂದ್ರವನ್ನು ಅಳೆಯಬೇಕಾದದ್ದು ಆ ಸಂಖ್ಯೆಯಿಂದ. ಮಾರಿದ ಮೂಟೆ ಎಲ್ಲರಿಗೂ ಕಾಣುತ್ತದೆ, ಉಳಿದದ್ದು ಎಲ್ಲಿಗೆ ಹೋಯಿತೆಂಬುದು ರಸೀದಿಯಿಲ್ಲದೆ ತಿಳಿಯದು. ಹೊಸ ಕರಾರಿನಲ್ಲಿ ಈ ತೂಕವನ್ನೂ ಅದನ್ನು ಒಯ್ದವರ ರಸೀದಿಯನ್ನೂ ವರದಿಗೆ ಸೇರಿಸಬೇಕೆಂಬ ಸಾಲನ್ನು ನಾನು ಬರೆದಿದ್ದೇನೆ. ಮೇಲ್ವಿಚಾರಕರು ಆಕ್ಷೇಪವಿಲ್ಲದೆ ಒಪ್ಪಿದ್ದಾರೆ.

ಹಣದ ವಿಷಯವನ್ನೂ ಸ್ಪಷ್ಟವಾಗಿ ಹೇಳಬೇಕು. ವಸ್ತು ಮಾರಿ ದುಡ್ಡು ಬರುತ್ತದೆಂದ ಮೇಲೆ ನಾವೇಕೆ 120 ರೂಪಾಯಿ ಕೊಡಬೇಕೆಂದು ಸಭೆಯಲ್ಲಿ ಕೆಲವರು ಕೇಳಿದರು. ಬೆಲೆಯಿರುವ ಪತ್ರಿಕೆ, ಕಬ್ಬಿಣ, ಗಟ್ಟಿ ಪ್ಲಾಸ್ಟಿಕ್ಕನ್ನು ನಾವು ಮೊದಲೇ ಗುಜರಿಯವರಿಗೆ ಮಾರಿಕೊಂಡು, ಬೆಲೆಯಿಲ್ಲದ್ದನ್ನು ಮಾತ್ರ ಈ ಕೇಂದ್ರಕ್ಕೆ ಕಳಿಸುತ್ತೇವೆ. ಅದರಿಂದ ಬರುವ ಆದಾಯದಲ್ಲಿ ಆರು ಜನರ ಸಂಬಳ ಹೊರಡುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಹಣ ಸರಿಯಾದದ್ದೇ, ಕೆಲಸಗಾರರಿಗೆ ಹೆಚ್ಚು ತಲುಪುವುದಾದರೆ 150 ಕೊಡುವುದಕ್ಕೂ ನಾನು ಸಿದ್ಧಳಿದ್ದೇನೆ.

ಗಾಡಿ ಬೆಳಿಗ್ಗೆ ಏಳೂವರೆಯೊಳಗೆ ಬರುತ್ತದೆ. ವರ್ಷದಲ್ಲಿ ತಪ್ಪಿದ್ದು ನಾಲ್ಕೈದು ದಿನ. ಗಾಡಿಯಲ್ಲಿ ಎರಡು ಅಂಕಣಗಳೂ ಬದಿಯಲ್ಲಿ ಕೆಂಪು ಡಬ್ಬಿಯೂ ಇದೆ, ಬೆರೆತದ್ದನ್ನು ಕೊಟ್ಟರೆ ಹುಡುಗರು ವಿನಯದಿಂದಲೇ ವಾಪಸು ಕೊಡುತ್ತಾರೆ. ಈ ವಾಪಸಿನಿಂದ ಒಂದೆರಡು ಮನೆಯವರಿಗೆ ಬೇಸರವಾಗಿದೆ, ನನಗೆ ಈ ಸೇವೆಯಲ್ಲಿ ಅತಿ ಹೆಚ್ಚು ಹಿಡಿಸಿದ್ದು ಅದೇ.

ಕರಾರನ್ನು ಇನ್ನೆರಡು ವರ್ಷಕ್ಕೆ ಮುಂದುವರಿಸಲು ಶಿಫಾರಸು ಮಾಡಿದ್ದೇನೆ. ಸೇರಲಿಚ್ಛಿಸುವ ಪಕ್ಕದ ಸಮುಚ್ಚಯದವರು ದಸರೆಯ ವಿಷಯವೊಂದನ್ನು ಮೊದಲೇ ಮಾತಾಡಿಕೊಳ್ಳಿ. ಆಯುಧಪೂಜೆಯ ಮರುದಿನ ಬಾಳೆಕಂದು, ಒಡೆದ ಬೂದುಗುಂಬಳ, ಸೇವಂತಿಗೆ ಹಾರಗಳ ರಾಶಿ ಮಾಮೂಲಿನ ಎರಡು ಪಟ್ಟಿಗೂ ಮೀರುತ್ತದೆ, ಅದಕ್ಕಾಗಿ ಅವರು ಬೇರೆ ಗಾಡಿ ಕಳಿಸುತ್ತಾರೆ. ಹಾರದ ಜರಿ ಕಾಗದವನ್ನೂ ಪ್ಲಾಸ್ಟಿಕ್ ದಾರವನ್ನೂ ನಾವೇ ಬಿಚ್ಚಿಟ್ಟಿರಬೇಕು. ಕಳೆದ ವರ್ಷ ನಮ್ಮ ಕಟ್ಟಡದ ಹಾರಗಳನ್ನು ಬಿಚ್ಚಲು ನಾಲ್ಕು ಜನ ಒಂದು ಸಂಜೆ ಕೂತಿದ್ದೆವು, ಬಂದ ದಾರವೇ ಅರ್ಧ ಚೀಲವಾಯಿತು.